ಬಣ್ಣ ಕೆರೆದಾಗ ಕಂಡ ಬಿರುಕು

ಇವತ್ತು ನಾಲ್ಕು ಅಲಾಯ್ ಚಕ್ರಗಳ ಕತೆ ಹೇಳ್ತೀನಿ.

ನನ್ನೂರು ಹಾಸನ, ಈಗಿರೋದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಎರಡು ವರ್ಷದ ಹಿಂದೆ 1991ರ ಒಂದು ಮಾಜ್ದಾ ಎಂಎಕ್ಸ್-5 ತಗೊಂಡೆ. ಎರಡೇ ಸೀಟು, ಮಡಚೋ ಟಾಪು, 1.6 ಲೀಟರ್ ಎಂಜಿನ್ನು. 1989ರಲ್ಲಿ ಮಾಜ್ದಾದವರು ಇದನ್ನ ತಂದಾಗ ಅವರ ಮನಸ್ಸಲ್ಲಿದ್ದದ್ದು 60ರ ದಶಕದ ಲೋಟಸ್ ಎಲಾನ್ ಥರದ ಪುಟ್ಟ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳು. 2016ರ ಹೊತ್ತಿಗೆ ಹತ್ತು ಲಕ್ಷ ಎಂಎಕ್ಸ್-5 ತಯಾರಾಗಿದ್ದವು. ಅದರ 14 ಇಂಚಿನ, ಏಳು ಕಡ್ಡಿಯ ಅಲಾಯ್ ಚಕ್ರ ನೋಡಿದರೆ ಹಳೇ ರ‍್ಯಾಲಿ ಕಾರುಗಳ ಮಿನಿಲೈಟ್ ಚಕ್ರ ನೆನಪಾಗುತ್ತೆ. ನಾನು ಮನಸೋತಿದ್ದು ಆ ಚಕ್ರಕ್ಕೇ.

ಆದ್ರೆ ಅವುಗಳ ಸ್ಥಿತಿ ಕೇಳಬೇಡಿ. ಇಲ್ಲಿ ಚಳಿಗಾಲದಲ್ಲಿ ಐಸ್ ಕಟ್ಟದಿರಲಿ ಅಂತ ರಸ್ತೆಗೆ ಉಪ್ಪು ಸುರೀತಾರೆ. ಕಲ್ಲು ಸಿಡಿದು ಲ್ಯಾಕರ್ ಒಂದು ಚೂರು ಎದ್ದರೆ ಸಾಕು, ಉಪ್ಪುನೀರು ಅಲ್ಲಿಂದ ಒಳಗಿಳಿದು, ಬಿಳೀ ಹುಳ ಹರಿದಾಡಿದ ಹಾಗೆ ಬಣ್ಣದ ಕೆಳಗೇ ಅಲ್ಯೂಮಿನಿಯಂ ತಿನ್ನುತ್ತಾ ಹೋಗುತ್ತೆ. ಅಂಗಡಿಯವರು ಹೇಳಿದ ರೇಟು ಕೇಳಿ, ಮನೆ ಗ್ಯಾರೇಜಲ್ಲೇ ನಾನೇ ಮಾಡ್ತೀನಿ ಅಂತ ಹೊರಟೆ.

ಕಾರನ್ನ ಜಾಕ್ ಮೇಲೆ ಬಿಡದೆ, ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಚಕ್ರಗಳನ್ನ ಟೈರ್ ಅಂಗಡಿಗೆ ಒಯ್ದು ಟೈರ್ ಬಿಚ್ಚಿಸಿದೆ. ಗ್ಲೌಸು, ಮಾಸ್ಕು ಹಾಕ್ಕೊಂಡು, ಬಾಗಿಲು ತೆಗೆದಿಟ್ಟು ಪೇಂಟ್ ರಿಮೂವರ್ ಹಚ್ಚಿದೆ. ಆಮೇಲೆ ನೀರು ಹಾಕಿ ಹಾಕಿ ಎಮರಿ ಪೇಪರಲ್ಲಿ ಉಜ್ಜೋದು. ಮೊದಲು 180, ಆಮೇಲೆ 240, ಕೊನೆಗೆ 400. ಕಬ್ಬಿಣದ ಬ್ರಷ್ ಮುಟ್ಟಲೇ ಇಲ್ಲ. ಅದರ ಚೂರು ಅಲ್ಯೂಮಿನಿಯಂ ಒಳಗೆ ಕೂತುಬಿಟ್ಟರೆ ಆಮೇಲೆ ತುಕ್ಕು ಹಿಡಿಯುತ್ತೆ. ಒಂದೊಂದು ಚಕ್ರಕ್ಕೂ ಒಂದೊಂದು ವೀಕೆಂಡು ಹೋಯ್ತು.

ಮೂರನೇ ಚಕ್ರದ ಹತ್ರ ಕೈ ನಿಂತಿತು. ವಾರಕ್ಕೊಮ್ಮೆ ಗಾಳಿ ಇಳೀತಿದ್ದ ಚಕ್ರ ಅದು. ವಾಲ್ವ್ ಹಳೇದು ಅಂತ ಸುಮ್ಮನಿದ್ದೆ. ಒಳಗಿನ ಅಂಚಿನ ಬಣ್ಣ ಎದ್ದಾಗ ಕೆಳಗೆ ಲೋಹದ ಬದಲು ಬೂದು ಬಣ್ಣದ ಫಿಲ್ಲರ್ ಸಿಕ್ತು. ಅದನ್ನೂ ಕೆರೆದೆ. ಕೂದಲೆಳೆಯಷ್ಟು ಸಣ್ಣ ಗೀರು. ಉಜ್ಜಿದೆ, ಹೋಗಲಿಲ್ಲ.

ಹಾಸನದ ಸಂತೇಲಿ ಅಮ್ಮ ಮಡಕೆ ತಗೊಳ್ಳುವಾಗ ಬೆರಳಲ್ಲಿ ತಟ್ಟಿ ಸದ್ದು ಕೇಳೋಳು. ನಾನೂ ತಟ್ಟಿದೆ. ಚಕ್ರ ಟಣ್ ಅಂತು, ಚೆನ್ನಾಗೇ ಇದೆ ಅನ್ನೋ ಹಾಗೆ. ಆದ್ರೆ ಇಷ್ಟು ಸಣ್ಣ ಬಿರುಕನ್ನ ಸದ್ದು ಹೇಳಲ್ಲ. ಅದಕ್ಕೇ ಅಂತ ಕೆಂಪು ಡೈ ಸ್ಪ್ರೇ ಸಿಗುತ್ತೆ. ಹೊಡೆದು, ಇಪ್ಪತ್ತು ನಿಮಿಷ ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಬಿಳೀ ಡೆವಲಪರ್ ಹೊಡೀಬೇಕು. ಬಿರುಕಿದ್ದರೆ ಒಳಗೆ ಉಳಿದ ಕೆಂಪು ಮೇಲೆ ಬರುತ್ತೆ. ನೋಡನೋಡ್ತಾ ಬಂತು. ಕಿರುಬೆರಳಿನಷ್ಟು ಉದ್ದದ ಕೆಂಪು ಗೆರೆ.

ನಿಜ ಹೇಳ್ತೀನಿ. ಆ ರಾತ್ರಿ ನನ್ನ ತಲೇಲೂ ಅದೇ ಬಂತು: ಮತ್ತೆ ಫಿಲ್ಲರ್ ತುಂಬಿಬಿಡೋಣ, ಬಣ್ಣ ಹೊಡೆದರೆ ಯಾರಿಗೆ ಗೊತ್ತಾಗುತ್ತೆ? ವೆಲ್ಡಿಂಗ್ ಬಗ್ಗೆಯೂ ಯೋಚಿಸಿದೆ. ಆದ್ರೆ ಆ ಶಾಖಕ್ಕೆ ಸುತ್ತಲಿನ ಅಲ್ಯೂಮಿನಿಯಂ ತನ್ನ ಬಲ ಕಳ್ಕೊಳ್ಳುತ್ತೆ. ಅಮ್ಮನಿಗೆ ಫೋನಲ್ಲಿ ಹೇಳಿದೆ. "ಆ ಕಾರಲ್ಲಿ ಪಕ್ಕದಲ್ಲಿ ಕೂರೋರು ಯಾರಪ್ಪಾ?" ಅಂದಳು, ಅಷ್ಟೇ. ಕೂರೋಳು ನನ್ನ ಹೆಂಡತಿ. ಎರಡು ವರ್ಷ ಆ ಚಕ್ರದ ಮೇಲೇ ಮೋಟರ್‌ವೇಯಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಓಡಾಡಿದ್ದೀವಿ.

ಮಾರನೇ ದಿನ ಆ ಚಕ್ರಕ್ಕೆ ಡ್ರಿಲ್ ಹಾಕಿ ದೊಡ್ಡದೊಂದು ತೂತು ಕೊರೆದೆ, ಇನ್ಯಾರೂ ಅದನ್ನ ಬಣ್ಣ ಹೊಡೆದು ಮಾರದಿರಲಿ ಅಂತ. ಅಂಥದ್ದೇ ಹಳೇ ಚಕ್ರ ಇನ್ನೊಂದು ತಗೊಂಡೆ. ಅದಕ್ಕೂ, ಉಳಿದ ಮೂರಕ್ಕೂ ಮೊದಲು ಡೈ ಟೆಸ್ಟ್, ಆಮೇಲೆ ಬಣ್ಣ.

ಬಣ್ಣ ಹೊಡೆಯೋರಿಗೆ ನಾಲ್ಕು ಮಾತು. ಬರೀ ಅಲ್ಯೂಮಿನಿಯಂ ಮೇಲೆ ಸಾಮಾನ್ಯ ಬಣ್ಣ ಸರಿಯಾಗಿ ಹಿಡಿಯಲ್ಲ, ಮೊದಲು ಎಚ್ ಪ್ರೈಮರ್ ಬೇಕು. ಆಮೇಲೆ ಬೆಳ್ಳಿ ಬಣ್ಣ, ಕೊನೆಗೆ ಲ್ಯಾಕರ್. ಎಲ್ಲಾ ತೆಳು ತೆಳುವಾಗಿ, ಕೋಟಿಗೂ ಕೋಟಿಗೂ ಮಧ್ಯೆ ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಡಿ. ತೇವದ ದಿನ ಲ್ಯಾಕರ್ ಹೊಡೆದರೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತೆ. ನನಗೂ ಒಂದು ಚಕ್ರ ಹಾಗಾಗಿ ಮತ್ತೆ ಉಜ್ಜಬೇಕಾಯ್ತು. 2ಕೆ ಲ್ಯಾಕರ್ ಗಟ್ಟಿ, ನಿಜ. ಆದ್ರೆ ಅದರಲ್ಲಿರೋ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಹೊರಗಿನ ಗಾಳಿ ಪೂರೈಸೋ ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಇನ್ನೊಂದು ಮುಖ್ಯ ವಿಷಯ. ಚಕ್ರ ಹಬ್‌ಗೆ ಅಂಟೋ ಜಾಗಕ್ಕೂ ನಟ್ ಕೂರೋ ಜಾಗಕ್ಕೂ ಟೇಪ್ ಅಂಟಿಸಿ, ಬಣ್ಣ ಬೀಳಬಾರದು. ಅಲ್ಲಿ ಬಣ್ಣ ಇದ್ದರೆ ಓಡಾಟದಲ್ಲಿ ಅದು ಅದುಮಿ ಹೋಗಿ ನಟ್ ಸಡಿಲ ಆಗಬಹುದು. ಕೈಪಿಡಿ ಹೇಳಿದಷ್ಟೇ ಟಾರ್ಕ್ ಕೊಟ್ಟು ಬಿಗಿಮಾಡಿ, ನೂರು ಕಿಲೋಮೀಟರ್ ಒಳಗೆ ಇನ್ನೊಮ್ಮೆ ನೋಡಿ.

ಈಗ ಚಕ್ರ ಹೊಳೀತಿದೆ. ಹತ್ತಿರದಿಂದ ನೋಡಿದರೆ ಒಂದೆರಡು ಕಡೆ ಬಣ್ಣ ಸೋರಿದ ಗುರುತಿದೆ, ಇರಲಿ. ಆದ್ರೆ ಗಾಳಿ ಇಳೀತಿಲ್ಲ.

ನಿಮ್ಮ ಹತ್ರ ಹಳೇ ಸ್ಪೋರ್ಟ್ಸ್ ಕಾರ್ ಇಲ್ಲದಿರಬಹುದು. ಆದ್ರೆ ಬೈಕಿಗೋ ಕಾರಿಗೋ ಸೆಕೆಂಡ್ ಹ್ಯಾಂಡ್ ಅಲಾಯ್ ತಗೊಳ್ಳೋ ಆಸೆ ಇರುತ್ತೆ ಅಲ್ವಾ? ಫಳಫಳ ಅನ್ನೋ ಚಕ್ರ ಸಿಕ್ಕಿದರೆ ಮೊದಲು ಅದನ್ನ ತಿರುಗಿಸಿ, ಒಳಗಿನ ಅಂಚು ಪೂರ್ತಿ ಬೆರಳಾಡಿಸಿ ನೋಡಿ. ಗಾಳಿ ಪದೇಪದೇ ಇಳೀತಿದ್ದರೆ ವಾಲ್ವ್ ಮೇಲೆ ಗೂಬೆ ಕೂರಿಸಿ ಸುಮ್ಮನಾಗಬೇಡಿ. ನಾನು ಎರಡು ವರ್ಷ ಹಾಗೇ ಮಾಡಿದ್ದೆ.

ಮುಂದಿನ ವಾರ ಸಿಗೋಣ. ಹುಷಾರಾಗಿ ಓಡಿಸಿ.