ನಿರ್ಣಯದ ಎತ್ತರ

ಮೋಡದೊಳಗಿನಿಂದ ನೆಲದತ್ತ ಇಳಿಯುವ ವೈಮಾನಿಕನಿಗೆ ಕಣ್ಣಿನ ನೆರವಿಲ್ಲ; ಉಪಕರಣಗಳೇ ಆತನ ಊರುಗೋಲು. ಆ ಊರುಗೋಲನ್ನು ಎಲ್ಲಿಯವರೆಗೆ ನಂಬಬಹುದು?

ಇಳಿಜಾರಿನ ಹಾದಿಯನ್ನು ರೇಡಿಯೋ ಕಿರಣವೇ ತೋರುವಲ್ಲಿ ‘ನಿರ್ಣಯದ ಎತ್ತರ’ವೆಂಬುದಿದೆ. ಸಾಮಾನ್ಯ ದರ್ಜೆಯ ವ್ಯವಸ್ಥೆಯಲ್ಲಿ ಅದು ರನ್‌ವೇಯ ಅಂಚಿನಿಂದ 200 ಅಡಿಗೆ ಕಡಿಮೆಯಿರದು. ಅಲ್ಲಿಗೆ ಬಂದಾಗ ರನ್‌ವೇಯಾಗಲಿ ಅದರ ದೀಪಗಳಾಗಲಿ ಕಾಣದಿದ್ದರೆ ಮೇಲೇರಲೇಬೇಕು. ‘ನಿರ್ಣಯ’ವೆಂಬ ಮಾತು ಕೊಂಚ ದಾರಿ ತಪ್ಪಿಸುವಂಥದು, ಆಲೋಚಿಸಲು ಅಲ್ಲಿ ಬಿಡುವೆಲ್ಲಿ? ಭಾರವಾದ ಯಂತ್ರವು ಏರತೊಡಗುವ ಮುನ್ನ ಕೆಲವು ಅಡಿ ಕುಸಿಯುವುದು ಸಹಜ. ಲೆಕ್ಕದಲ್ಲಿ ಅದಕ್ಕೂ ಎಡೆಯಿದೆ.

ಇಳಿಜಾರಿನ ಕಿರಣವಿಲ್ಲದೆಡೆ ಈ ಔದಾರ್ಯವಿಲ್ಲ. ಸಮುದ್ರಮಟ್ಟದಿಂದ ಅಳೆದ ಕನಿಷ್ಠ ಮಟ್ಟವೊಂದಿರುತ್ತದೆ; ರನ್‌ವೇ ಕಾಣುವ ಮುನ್ನ ಅದರಿಂದ ಒಂದಡಿಯೂ ಕೆಳಗಿಳಿಯುವಂತಿಲ್ಲ. ಅದಕ್ಕೆ ಮೊದಲು ಮೆಟ್ಟಿಲುಗಳಂತೆ ಬೇರೆ ಮಟ್ಟಗಳೂ ಇರಬಹುದು.

1997ರ ಆಗಸ್ಟ್ 6ರಂದು, ನಡುರಾತ್ರಿ ಕಳೆದ ಮೇಲೆ, ಕೊರಿಯನ್ ಏರ್‌ನ 801ನೆಯ ವಿಮಾನ ಮಳೆಯ ನಡುವೆ ಗುವಾಮ್ ದ್ವೀಪದತ್ತ ಇಳಿಯುತ್ತಿತ್ತು. ಇಳಿಜಾರು ತೋರುವ ಯಂತ್ರ ಅಂದು ಕೆಲಸದಲ್ಲಿರಲಿಲ್ಲ. ದೂರ ಸೂಚಿಸುವ ರೇಡಿಯೋ ಕೇಂದ್ರವಿದ್ದುದು ವಿಮಾನ ನಿಲ್ದಾಣದಲ್ಲಲ್ಲ, ಮೂರು ಮೈಲಿಗೂ ಹೆಚ್ಚು ಈಚೆಯ ನಿಮಿಟ್ಜ್ ಗುಡ್ಡದ ಮೇಲೆ. ಅದನ್ನು ದಾಟುವವರೆಗೆ 1,440 ಅಡಿ; ದಾಟಿದ ಮೇಲೆ 560. ವಿಮಾನವು ಆ ಕೇಂದ್ರಕ್ಕೆ ಮುಂಚೆಯೇ, ಸುಮಾರು 660 ಅಡಿಯಲ್ಲಿ, ಗುಡ್ಡಕ್ಕೆ ಬಡಿಯಿತು. ಕೊನೆಯ ಮಟ್ಟಕ್ಕಿಂತ ಅದಿನ್ನೂ ಮೇಲೆಯೇ ಇತ್ತೆಂಬುದನ್ನು ಗಮನಿಸಬೇಕು. ತಪ್ಪಿದ್ದು ಹಿಂದಿನ ಮೆಟ್ಟಿಲು. 254 ಜನರಲ್ಲಿ 228 ಮಂದಿ ಮಡಿದರು. ಇಳಿಯುವುದನ್ನು ಬಿಟ್ಟು ಮೇಲೇರೋಣವೆಂದು ಸಹಚಾಲಕ ನುಡಿದದ್ದು ಕೊನೆಯ ಕೆಲವೇ ಸೆಕೆಂಡುಗಳಲ್ಲಿ.