ಲೆಕ್ಕ ಯಾವ ಸಾಲಿನಲ್ಲಿ ನಿಂತಿತು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಕಲಿಸುವ ಶಿಕ್ಷಕಿಗೆ ಭೌತಶಾಸ್ತ್ರದ ಲೆಕ್ಕದ ಉಸಾಬರಿ ಏಕೆ ಎಂದು ತಾವು ಕೇಳಬಹುದು. ನಾನು ಪಿಯುಸಿಯಲ್ಲಿ ವಿಜ್ಞಾನ ಓದಿ ಆಮೇಲೆ ಭಾಷೆಯ ಕಡೆಗೆ ಬಂದವಳು. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ. ನಮ್ಮಲ್ಲಿ ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳು ಪ್ರಥಮ ಪಿಯುಸಿ ಸೇರಿದ ಒಂದೆರಡು ತಿಂಗಳಲ್ಲೇ ಪುಸ್ತಕ ಹಿಡಿದುಕೊಂಡು ನನ್ನ ಬಳಿಗೆ ಬರುತ್ತಾರೆ. ಕಾಲೇಜಿನಲ್ಲಿ ಕೇಳಲು ಸಂಕೋಚ, ಮನೆಯಲ್ಲಿ ಹೇಳಿಕೊಡುವವರಿಲ್ಲ, ಟ್ಯೂಷನ್ನಿಗೆ ಹಣವಿಲ್ಲ. ಹುಡುಗಿಯರಾದರೆ ಸಂಜೆ ಹೊತ್ತು ಕಳುಹಿಸುವುದೂ ಇಲ್ಲ. "ನನಗೆ ಸೈನ್ಸ್ ಆಗೋದಿಲ್ಲ ಟೀಚರ್, ಆರ್ಟ್ಸ್‌ಗೆ ಹೋಗ್ತೀನಿ" ಎಂಬ ಮಾತು ಅಷ್ಟರಲ್ಲೇ ಬಂದುಬಿಟ್ಟಿರುತ್ತದೆ. ಆರ್ಟ್ಸ್ ಕಡಿಮೆಯದಲ್ಲ, ನಾನೂ ಅಲ್ಲಿಯವಳೇ. ಆದರೆ ಇಷ್ಟಪಟ್ಟು ಹೋಗುವುದು ಬೇರೆ, ನಾಲ್ಕು ಲೆಕ್ಕಕ್ಕೆ ಹೆದರಿ ಹೋಗುವುದು ಬೇರೆ.

ಇಂಥ ಮಕ್ಕಳನ್ನು ನಾನು ಮೊದಲು ಕೇಳುವುದು, ಲೆಕ್ಕ ಯಾವ ಸಾಲಿನಲ್ಲಿ ನಿಂತಿತು ಎಂದು. ಎಷ್ಟೋ ನೋಟ್‌ಬುಕ್ಕುಗಳಲ್ಲಿ ಸಾಲೇ ಇರುವುದಿಲ್ಲ. ಪ್ರಶ್ನೆ ಬರೆದಿದೆ, ಕೆಳಗೆ ಖಾಲಿ. ತಪ್ಪಾದರೂ ಚಿಂತೆಯಿಲ್ಲ, ಮೂರು ಸಾಲು ಬರೆದು ತನ್ನಿ. ಆಗ ಸಹಾಯ ಮಾಡುವವರಿಗೆ ನಿಮ್ಮ ಕಷ್ಟ ಎಲ್ಲಿದೆ ಎಂದು ಕಾಣುತ್ತದೆ.

ಅನೇಕ ಸಲ ಕಷ್ಟವಿರುವುದು ಗಣಿತದಲ್ಲಲ್ಲ, ಮಾತಿನಲ್ಲಿ. ಭೌತಶಾಸ್ತ್ರದ ಲೆಕ್ಕದಲ್ಲಿ ಇಂಗ್ಲಿಷಿನ ಸಾದಾ ಪದಗಳಿಗೂ ಗುಪ್ತ ಅರ್ಥವಿದೆ. 'ಸ್ಮೂತ್' ಎಂದರೆ ಘರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು. 'ಲೈಟ್ ಸ್ಟ್ರಿಂಗ್' ಎಂದರೆ ದಾರದ ದ್ರವ್ಯರಾಶಿಯನ್ನು ಸೊನ್ನೆ ಎಂದು ಹಿಡಿಯಿರಿ ಎಂದು. 'ಫ್ರಂ ರೆಸ್ಟ್' ಎಂದರೆ ಆರಂಭದ ವೇಗ ಸೊನ್ನೆ, ವಿಶ್ರಾಂತಿಯ ಮಾತಲ್ಲ. ಈ ಮೂರು ಪದ ತಿಳಿದರೆ ಅರ್ಧ ದತ್ತಾಂಶ ಕೈಗೆ ಬಂದ ಹಾಗೆ. ಕನ್ನಡದ ವೇಗೋತ್ಕರ್ಷ, ಉರ್ದುವಿನ ಇಸ್ರಾ, ಇಂಗ್ಲಿಷಿನ ಆಕ್ಸಲರೇಷನ್ ಮೂರೂ ಒಂದೇ ಎಂದು ತಿಳಿದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಭೌತಶಾಸ್ತ್ರ, ಗಣಿತ ಪುಸ್ತಕಗಳು ಉರ್ದುವಿನಲ್ಲೂ ಇವೆ, ಉಚಿತವಾಗಿ ಇಳಿಸಿಕೊಳ್ಳಬಹುದು. ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿಟ್ಟುಕೊಂಡು ಓದಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಚೆಂಡೊಂದನ್ನು ನೆಲದಿಂದ ನೇರ ಮೇಲಕ್ಕೆ ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ಎಸೆದಿದ್ದಾರೆ. ಅದು ಎಷ್ಟು ಎತ್ತರ ಹೋಗುತ್ತದೆ? ಗಾಳಿಯ ತಡೆಯನ್ನು ಬಿಡೋಣ. ಗುರುತ್ವದಿಂದ ಅದರ ವೇಗ ಪ್ರತಿ ಸೆಕೆಂಡಿಗೆ 9.8 ಕಡಿಮೆಯಾಗುತ್ತ ಹೋಗುತ್ತದೆ. ಹಾಗಾದರೆ 2 ಸೆಕೆಂಡಿಗೆ ವೇಗ ಸೊನ್ನೆ. ಎತ್ತರದ ಸೂತ್ರದಲ್ಲಿ ಹಾಕಿದರೆ 39.2ರಲ್ಲಿ 19.6 ಕಳೆದು 19.6 ಮೀಟರ್ ಬರುತ್ತದೆ. ಕೊಟ್ಟ ಸಂಖ್ಯೆಯೇ ಉತ್ತರವಾಗಿ ಬಂತಲ್ಲ ಎಂದು ಗಾಬರಿಯಾಗಿ ಅಳಿಸುವವರಿದ್ದಾರೆ! ಒಂದು ಸೆಕೆಂಡಿಗೆ ಮೀಟರ್, ಇನ್ನೊಂದು ಬರೀ ಮೀಟರ್. ಘಟಕ ಬರೆಯುವ ಅಭ್ಯಾಸವಿದ್ದರೆ ಗಾಬರಿಯಿಲ್ಲ. ಇನ್ನೊಂದು ಮಾತು ಕೇಳಿ: ತುತ್ತತುದಿಯಲ್ಲಿ ಚೆಂಡಿನ ವೇಗೋತ್ಕರ್ಷ ಎಷ್ಟು? ಸೊನ್ನೆ ಎನ್ನುವವರೇ ಹೆಚ್ಚು. ವೇಗ ಮಾತ್ರ ಸೊನ್ನೆ. ವೇಗೋತ್ಕರ್ಷ ಆಗಲೂ ಕೆಳಮುಖವಾಗಿ 9.8 ಇದ್ದೇ ಇರುತ್ತದೆ. ಇಲ್ಲದಿದ್ದರೆ ಚೆಂಡು ಅಲ್ಲೇ ನಿಂತುಬಿಡಬೇಕಿತ್ತು.

ಇದೇ ಲೆಕ್ಕವನ್ನು ಕಲನಶಾಸ್ತ್ರದ ಮೂಲಕವೂ ಮಾಡಬಹುದು. ಎತ್ತರವನ್ನು ಅವಕಲಿಸಿದರೆ ವೇಗ, ವೇಗವನ್ನು ಅವಕಲಿಸಿದರೆ ವೇಗೋತ್ಕರ್ಷ. ತೊಂದರೆ ಏನೆಂದರೆ, ಚಲನೆಯ ಪಾಠ ಭೌತಶಾಸ್ತ್ರ ಪುಸ್ತಕದ ಆರಂಭದಲ್ಲೇ ಬರುತ್ತದೆ, ಲಿಮಿಟ್ ಮತ್ತು ಡೆರಿವೇಟಿವ್ ಪಾಠ ಗಣಿತ ಪುಸ್ತಕದ ಕೊನೆಯ ಭಾಗದಲ್ಲಿದೆ. ಆದ್ದರಿಂದ ಮಗುವಿಗೆ ಅರ್ಥವಾಗದಿದ್ದರೆ ಅದು ದಡ್ಡತನವಲ್ಲ, ಪಾಠಗಳ ಅನುಕ್ರಮದ ತೊಡಕು. ಗಣಿತದ ಮೇಷ್ಟ್ರನ್ನು ಹತ್ತು ನಿಮಿಷ ಮೊದಲೇ ಕೇಳಿಕೊಳ್ಳಬೇಕು. ಉರ್ದು ಮಕ್ಕಳಿಗೆ ನಾನೊಂದು ಸುಳಿವು ಕೊಡುತ್ತೇನೆ. ವ್ಯಾಕರಣದಲ್ಲಿ ಇಸ್ಮೆ ಮುಷ್ತಖ್ ಓದಿದ್ದೀರಲ್ಲ, ಬೇರೊಂದು ಪದದಿಂದ ಹುಟ್ಟಿದ ಪದ. ಡೆರಿವೇಟಿವ್‌ಗೂ ಉರ್ದುವಿನಲ್ಲಿ ಮುಷ್ತಖ್ ಎಂದೇ ಹೆಸರು. ಎತ್ತರದಿಂದ ಹುಟ್ಟಿದ್ದು ವೇಗ.

ಅಮೆರಿಕದ ಸಲ್ಮಾನ್ ಖಾನ್ ಹೆಸರು ಕೇಳಿರಬಹುದು, ಸಿನಿಮಾದವರಲ್ಲ. 2004ರಲ್ಲಿ ದೂರದ ಊರಿನಲ್ಲಿದ್ದ ಸಂಬಂಧಿಕರ ಹುಡುಗಿ ನಾಡಿಯಾಗೆ ಅವರು ಫೋನಿನಲ್ಲಿ ಗಣಿತ ಹೇಳಿಕೊಡಲು ತೊಡಗಿದರು. ಅವಳು ನಿಂತಿದ್ದು ಒಂದೇ ಕಡೆ, ಅಳತೆಯ ಘಟಕಗಳ ಪರಿವರ್ತನೆಯಲ್ಲಿ. ಅಷ್ಟಕ್ಕೇ ಶಾಲೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದಳು. ಆ ಒಂದು ಗಂಟು ಬಿಚ್ಚಿದ ಮೇಲೆ ಮುಂದೆ ಹೋದಳು. ಅಲ್ಲಿಂದ ಬೆಳೆದದ್ದು ಖಾನ್ ಅಕಾಡೆಮಿ.

ಈಗ ಫೋನಿನಲ್ಲಿ ಪ್ರಶ್ನೆಯ ಫೋಟೊ ತೆಗೆದರೆ ಸಾಕು, ಪೂರ್ತಿ ಉತ್ತರ ಬಂದು ಬೀಳುತ್ತದೆ. ಬೇಡ ಎಂದರೆ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಕೇಳುವ ರೀತಿ ಬದಲಿಸಿ. "ಉತ್ತರ ಕೊಡಬೇಡ, ನನ್ನ ಯಾವ ಸಾಲು ತಪ್ಪಿದೆ ಅಷ್ಟೇ ಹೇಳು" ಎಂದು ಕೇಳಿ. ಅದು ತಪ್ಪನ್ನೂ ಧೈರ್ಯವಾಗಿ ಹೇಳಬಲ್ಲದು, ಆದ್ದರಿಂದ ಉತ್ತರವನ್ನು ಪುಸ್ತಕದ ಹಿಂದಿನ ಉತ್ತರದೊಂದಿಗೆ ತಾಳೆ ನೋಡಿ. ಆಮೇಲೆ ಎಲ್ಲ ಮುಚ್ಚಿಟ್ಟು ಅದೇ ಲೆಕ್ಕವನ್ನು ಒಮ್ಮೆ ಸ್ವಂತವಾಗಿ ಮಾಡಿ.

ಹಿರಿಯ ಸದಸ್ಯರಲ್ಲಿ ನನ್ನ ಬಿನ್ನಹ. ತಮ್ಮಲ್ಲಿ ಇಂಜಿನಿಯರ್‌ಗಳಿದ್ದೀರಿ, ಡಿಪ್ಲೊಮಾ ಮಾಡಿದವರಿದ್ದೀರಿ, ನಿವೃತ್ತ ಉಪನ್ಯಾಸಕರಿದ್ದೀರಿ. ಬಹುಮಾನ, ವಿದ್ಯಾರ್ಥಿವೇತನ ಕೊಡುತ್ತಿದ್ದೀರಿ, ಬಹಳ ಸಂತೋಷ. ಅದರ ಜೊತೆಗೆ ಭಾನುವಾರ ಬೆಳಿಗ್ಗೆ ಒಂದು ಗಂಟೆ ಇದೇ ಸಭಾಂಗಣದಲ್ಲಿ ಕುಳಿತುಕೊಳ್ಳಿ. ಪಾಠ ಮಾಡುವುದು ಬೇಡ. ಮಗು ತಂದ ನೋಟ್‌ಬುಕ್ ನೋಡಿ, ನಿಂತಿರುವ ಸಾಲಿನ ಮುಂದಿನ ಒಂದು ಸಾಲನ್ನು ಮಾತ್ರ ತೋರಿಸಿ. ಬೆಳಗಿನ ಹೊತ್ತಾದರೆ ಹುಡುಗಿಯರನ್ನೂ ಕಳುಹಿಸುತ್ತಾರೆ, ತಾಯಂದಿರನ್ನು ನಾನೇ ಕಂಡು ಮಾತನಾಡುತ್ತೇನೆ. ಕಪ್ಪುಹಲಗೆ, ಸೀಮೆಸುಣ್ಣದ ಏರ್ಪಾಡೂ ನನ್ನದೇ.