ಹೊಸ ಹೊಟೇಲಿನ ಪತ್ತು

(ನಾಗಪುರದ ಇತವಾರಿಯಲ್ಲಿ ಕೂಡಿದ ಕನ್ನಡ ಹೊಟೇಲ್ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಇಂದು ಕೂಡಿರುವ ಇತವಾರಿ ನಾಗಪುರದ ಹಳೆಯ ಪೇಟೆ. ಆದಿತ್ಯವಾರದ ಸಂತೆಯಿಂದ ಇದಕ್ಕೆ ಈ ಹೆಸರು ಬಂತು. ಬೇಳೆ, ಮೆಣಸಿನಕಾಯಿ, ಎಣ್ಣೆ ಬೇಕಾದಾಗ ಮಾಲಿಕರ ಚೀಟಿ ಹಿಡಿದು ಈ ಪೇಟೆಗೆ ಬಂದವರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. ಚೀಟಿ ತೋರಿಸಿದರೆ ಸಾಕು, ಸೇಠರು ಹಣ ಕೇಳದೆ ಮಾಲು ಹಾಕುತ್ತಿದ್ದರು. ಅದೇ ನಾವು ನಾಲ್ಕು ಜನ ಕೂಡಿ ಸ್ವಂತ ಹೊಟೇಲು ಹಾಕಿ ಅದೇ ಅಂಗಡಿಗೆ ಹೋದರೆ, "ಮೊದಲು ನಗದು ಇಡಿ" ಎನ್ನುತ್ತಾರೆ. ಮಾಲೂ ಅದೇ, ಮುಖವೂ ಪರಿಚಯದ್ದೇ. ಆದರೂ ನಂಬಿಕೆ ಇಲ್ಲ. ಅವರು ನಂಬಿದ್ದು ನಮ್ಮನ್ನಲ್ಲ, ಚೀಟಿಯ ಮೇಲಿನ ಹೆಸರನ್ನು. ಇದನ್ನೇ ಕನ್ನಡದಲ್ಲಿ ಪತ್ತು ಎನ್ನುವುದು. ಇಲ್ಲಿಯ ಮರಾಠಿ ಜನರು 'ಪತ' ಎನ್ನುತ್ತಾರೆ.

ಸಂಘದಲ್ಲಿ ಈ ವಿಷಯ ಏತಕ್ಕೆ ಎಂದು ಕೆಲವರು ಕೇಳಬಹುದು. ನಮ್ಮವರು ಹದಿನೈದು ಇಪ್ಪತ್ತು ವರ್ಷ ದುಡಿದು ಕೈಗೆ ಬಂದ ಗ್ರಾಚ್ಯುಯಿಟಿ, ಪ್ರಾವಿಡೆಂಟ್ ಫಂಡುಗಳನ್ನು ಒಟ್ಟುಗೂಡಿಸಿ ಹೊಟೇಲು ಹಾಕುವುದುಂಟು. ಗಿರಾಕಿ ಇದ್ದೂ ಅಂಗಡಿ ಮುಚ್ಚುವುದುಂಟು. ಕಾರಣ, ಇದ್ದ ಹಣವೆಲ್ಲ ಕಟ್ಟಡದ ಠೇವಣಿಗೆ, ಮೇಜು ಕುರ್ಚಿಗೆ ಮುಗಿದಿರುತ್ತದೆ. ಸಾಮಾನಿಗೆ ಉದ್ದರಿ ಹುಟ್ಟುವುದಿಲ್ಲ. ಆಗ ಬಡ್ಡಿಯವನ ಬಾಗಿಲಿಗೆ ಹೋಗಬೇಕಾಗುತ್ತದೆ. ಆಮೇಲೆ ಐವತ್ತನೆಯ ವಯಸ್ಸಿನಲ್ಲಿ ಮತ್ತೊಬ್ಬರ ಹೊಟೇಲಿನಲ್ಲಿ ತಟ್ಟೆ ಎತ್ತುವ ಪಾಳಿ. ಆದುದರಿಂದ ಇದು ಕಾರ್ಮಿಕರ ಪ್ರಶ್ನೆಯೇ ಆಗಿದೆ.

ಮೊದಲನೆಯದು, ಹೊಟೇಲು ಯಾರ ಹೆಸರಿನಲ್ಲಿ ಇರಬೇಕು? ಐದು ಜನರ ದುಡ್ಡು ಹಾಕಿ ಒಬ್ಬನ ಹೆಸರಿನಲ್ಲಿ ಬ್ಯಾಂಕಿನ ಖಾತೆ ತೆಗೆದರೆ, ಬೆಳೆಯುವ ಪತ್ತೆಲ್ಲ ಆ ಒಬ್ಬನದು. ಅವನು ಊರಿಗೆ ಹೊರಟರೆ ಪತ್ತೂ ಅವನ ಸಂಗಡ ಹೊರಟಿತು. ಪಾಲುಗಾರಿಕೆ ಮಾಡಿದರೆ ಪತ್ರ ಬರೆಸಿ ನೋಂದಣಿ ಮಾಡಿಸತಕ್ಕದ್ದು. ನೋಂದಣಿಯಿಲ್ಲದ ಪಾಲುಗಾರಿಕೆಗೆ, 1932ರ ಕಾಯಿದೆಯಂತೆ, ಕರಾರಿನ ಹಣ ವಸೂಲಿಗೆ ಹೊರಗಿನವರ ಮೇಲೆ ದಾವೆ ಹೂಡಲು ಬರುವುದಿಲ್ಲ. ಸಂಸ್ಥೆಯ ಹೆಸರಿನಲ್ಲೇ ಪ್ಯಾನ್ ನಂಬರು, ಚಾಲ್ತಿ ಖಾತೆ, ಉದ್ಯಮ್ ನೋಂದಣಿ ಇರಬೇಕು. ಉದ್ಯಮ್ ನೋಂದಣಿ 2020ರಿಂದ ನಡೆದಿದೆ. ಅದಕ್ಕೆ ಸರಕಾರದ ಫೀ ಒಂದು ಕಾಸೂ ಇಲ್ಲ. ಹಣ ಕೇಳುವ ದಲ್ಲಾಳಿಗಳಿಗೆ ಮರುಳಾಗಬೇಡಿ.

ಸಂಸ್ಥೆಗೆ ಸ್ವಂತ ಹೆಸರಿದ್ದರೆ ಏನಾಗುತ್ತದೆಂಬುದಕ್ಕೆ ಕಾಫಿ ಹೌಸಿನ ಕೆಲಸಗಾರರೇ ಸಾಕ್ಷಿ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ, ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಅವರು ಸಹಕಾರ ಸಂಘ ಕಟ್ಟಿದರು. 1957ರಲ್ಲಿ ಬೆಂಗಳೂರಿನಲ್ಲಿ ಸಂಘ ಹುಟ್ಟಿತು. ಅಂದು ಕೂಡಿದ ಸಪ್ಲೈಯರುಗಳು, ಅಡಿಗೆಯವರು ಇಂದು ಕೆಲಸದಲ್ಲಿಲ್ಲ. ಕೆಲಸಗಾರರ ಕಾಫಿ ಹೌಸು ಮಾತ್ರ ಉಳಿದಿದೆ.

ಎರಡನೆಯದು, ಪತ್ತನ್ನು ಸಣ್ಣದರಿಂದ ಬೆಳೆಸಬೇಕು. ಉಡುಪಿಯ ಕಡೆಯವರಿಗೆ ಪಿಗ್ಮಿ ಗೊತ್ತಿದೆ. 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಆರಂಭಿಸಿತು. ಏಜೆಂಟರು ದಿನಾ ಬಾಗಿಲಿಗೆ ಬಂದು ಎರಡಾಣೆಯಾದರೂ ಒಯ್ಯುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಎರಡಾಣೆ ದೊಡ್ಡ ಮೊತ್ತವಲ್ಲ. ಆದರೆ ಒಂದು ದಿನವೂ ತಪ್ಪದೆ ಕಟ್ಟಿದವನ ಪುಸ್ತಕ ನೋಡಿದರೆ ಅವನ ನಡತೆ ತಿಳಿಯುತ್ತಿತ್ತು. ಇಂದಿನ ಬ್ಯಾಂಕು ನೋಡುವುದೂ ಇದನ್ನೇ. ರಸ್ತೆಬದಿಯ ಗಾಡಿಯವರಿಗೆ 2020ರಲ್ಲಿ ಬಂದ ಸ್ವನಿಧಿ ಯೋಜನೆ ಇದೇ ಮೆಟ್ಟಿಲಿನದು. ಮೊದಲು 10,000 ರೂಪಾಯಿ, ಅದು ತೀರಿದರೆ 20,000, ಅದೂ ತೀರಿದರೆ 50,000. 2025ರಲ್ಲಿ ಮೊದಲ ಎರಡನ್ನು 15,000 ಮತ್ತು 25,000ಕ್ಕೆ ಏರಿಸಿದರು.

ಹೊಸ ಹೊಟೇಲಿನವರೂ ಹೀಗೆಯೇ ನಡೆಯಬೇಕು. ಗಲ್ಲಾದ ಹಣ ದಿನಾ ಖಾತೆಗೆ ಹೋಗಲಿ. ಕೈಯಿಂದ ಕೈಗೆ ಖರ್ಚಾದ ವ್ಯಾಪಾರ ಬ್ಯಾಂಕಿನ ಕಣ್ಣಿಗೆ ಕಾಣುವುದಿಲ್ಲ. ನಮ್ಮದೇ ಸಣ್ಣ ಠೇವಣಿಯ ಆಧಾರದ ಮೇಲೆ ಒಂದು ಸಣ್ಣ ಸಾಲ ಪಡೆದು ಕಂತು ತಪ್ಪದೆ ತೀರಿಸೋಣ. ಇತವಾರಿಯಲ್ಲಿ ಹತ್ತು ಅಂಗಡಿ ಸುತ್ತುವುದಕ್ಕಿಂತ ಒಂದೆರಡು ಅಂಗಡಿ ಗೊತ್ತು ಮಾಡಿಕೊಂಡು, ಮೂರು ತಿಂಗಳು ನಗದಿಗೇ ಕೊಂಡು, ಬಿಲ್ಲು ಪಡೆದು, ಖಾತೆಯಿಂದಲೇ ಹಣ ಸಲ್ಲಿಸೋಣ. ಆಮೇಲೆ ಒಂದು ವಾರದ ಉದ್ದರಿ ಕೇಳಿದರೆ ಸೇಠರ ಮುಖ ಬೇರೆಯಾಗಿರುತ್ತದೆ. ಏಳನೆಯ ದಿನ ಎಂದಿದ್ದರೆ ಆರನೆಯ ದಿನವೇ ಕೊಡೋಣ. ಕೊಡಲು ಆಗದ ವಾರ ಬಂದರೆ ಮುಖ ಮರೆಸಿಕೊಳ್ಳದೆ, ಮುಂಚೆಯೇ ಹೋಗಿ ಹೇಳೋಣ.

ಆದರೆ ಉದ್ದರಿ ಪುಕ್ಕಟೆಯಲ್ಲ, ಇದನ್ನೂ ಲೆಕ್ಕ ಹಾಕಬೇಕು. ನಗದಿಗೆ ಕೊಂಡರೆ ನೂರಕ್ಕೆ ಎರಡು ರೂಪಾಯಿ ಸೋಡಿ ಸಿಗುವುದೆಂದು ಇಟ್ಟುಕೊಳ್ಳಿ. ಅದನ್ನು ಬಿಟ್ಟು ಒಂದು ತಿಂಗಳ ಉದ್ದರಿ ತೆಗೆದುಕೊಂಡರೆ, ವರ್ಷಕ್ಕೆ ನೂರಕ್ಕೆ ಇಪ್ಪತ್ತನಾಲ್ಕರ ಬಡ್ಡಿ ತೆತ್ತಂತೆ ಆಯಿತು. ಬ್ಯಾಂಕಿನ ಸಾಲ ಇದಕ್ಕಿಂತ ಅಗ್ಗವಾಗಿ ಸಿಕ್ಕಿದರೆ ಅದನ್ನೇ ತೆಗೆದುಕೊಂಡು ನಗದಿಗೆ ಕೊಳ್ಳುವುದು ಜಾಣತನ.

ಬಡ್ಡಿಯವನ ವಿಷಯ ಒಂದು ಮಾತು. 9,000 ಕೈಗೆ ಕೊಟ್ಟು, ನೂರು ದಿನ ನೂರರಂತೆ 10,000 ವಸೂಲು ಮಾಡುವ ಸಾಲ ನಿಮಗೆ ಗೊತ್ತಿದೆ. ಬಡ್ಡಿಯೊಂದೇ ಅದರ ಕೇಡಲ್ಲ. ಎಷ್ಟು ನಿಯತ್ತಿನಿಂದ ತೀರಿಸಿದರೂ ಅದು ಯಾವ ದಾಖಲೆಯಲ್ಲೂ ಸೇರುವುದಿಲ್ಲ. ಬ್ಯಾಂಕಿನ ಸಾಲವಾದರೋ ಸಿಬಿಲ್ ಮೊದಲಾದ ನಾಲ್ಕು ಕಂಪನಿಗಳ ದಾಖಲೆಗೆ ಹೋಗುತ್ತದೆ. ಅಲ್ಲಿ ವ್ಯಕ್ತಿಗೆ 300ರಿಂದ 900ರ ವರೆಗೆ ಅಂಕ. ಸಾಲ ಪಡೆದ ಉದ್ದಿಮೆಗೆ ಸಿಬಿಲ್‌ನಲ್ಲಿ 1ರಿಂದ 10ರ ವರೆಗೆ ದರ್ಜೆ, 1 ಎಲ್ಲಕ್ಕೂ ಉತ್ತಮ. ಹೊಸ ಸಂಸ್ಥೆಗೆ ಹಿಂದಿನ ಚರಿತ್ರೆ ಇಲ್ಲದ್ದರಿಂದ, ಬ್ಯಾಂಕಿನವರು ಮೊದಲು ಪಾಲುಗಾರರ ಸ್ವಂತ ಅಂಕವನ್ನೇ ನೋಡುತ್ತಾರೆ. ಆದುದರಿಂದ ಪಾಲಿಗೆ ಸೇರುವ ಮೊದಲು ಪ್ರತಿಯೊಬ್ಬರೂ ತಮ್ಮ ವರದಿ ತರಿಸಿ ಎಲ್ಲರ ಮುಂದೆ ಇಡಲಿ. ಪ್ರತಿ ಕಂಪನಿಯಿಂದ ವರ್ಷಕ್ಕೊಂದು ವರದಿ ಪುಕ್ಕಟೆ ಸಿಗುತ್ತದೆ. ತಪ್ಪು ನಮೂದು ಇದ್ದರೆ ತಿದ್ದಿಸಲೂ ಬರುತ್ತದೆ.

ನಾವು ಕೊಡುವ ಉದ್ದರಿಯೂ ಉಂಟು. ಆಫೀಸು, ಕಾರಖಾನೆಗಳಿಗೆ ಊಟ ಒಯ್ದು ತಿಂಗಳುಗಟ್ಟಲೆ ಬಿಲ್ಲಿಗೆ ಕಾಯುವವರು ತಿಳಿದಿರಬೇಕು: ಉದ್ಯಮ್ ನೋಂದಣಿಯಿರುವ ಸಣ್ಣ ಉದ್ದಿಮೆಗೆ ಕರಾರಿನಲ್ಲಿ ಹೇಳಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಕಾಯಿದೆ ಹೇಳುತ್ತದೆ. ಕರಾರು ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ ಕೇಳುವ ಹಕ್ಕು ನಮಗಿದೆ.

ಕೊನೆಯದಾಗಿ, ಎಲ್ಲಕ್ಕೂ ದೊಡ್ಡ ಮಾತು. ತಿಂಗಳಿಡೀ ದುಡಿದು ಮುಂದಿನ ತಿಂಗಳು ಪಗಾರ ಪಡೆಯುವ ನಾವು ಮಾಲಿಕರಿಗೆ ಒಂದು ತಿಂಗಳ ಉದ್ದರಿ ಕೊಟ್ಟವರೇ ಆಗಿದ್ದೇವೆ. ಬಡ್ಡಿಯಿಲ್ಲದ ಈ ಸಾಲವನ್ನು ಯಾರೂ ಪುಸ್ತಕದಲ್ಲಿ ಬರೆಯಲಿಲ್ಲ. ನಾಳೆ ನಾವೇ ಹೊಟೇಲು ಹಾಕಿದಾಗ ಇದು ಮರೆತುಹೋಗಬಾರದು. ಸೇಠರ ಬಾಕಿ ತೀರಿಸಲು ಕ್ಲೀನರ್ ಹುಡುಗನ ಪಗಾರ ಹಿಡಿಯುವ ಹೊಟೇಲಿಗೆ ಪೇಟೆಯಲ್ಲಿ ಹೆಸರು ಬರಬಹುದು. ಆದರೆ ಅದು ಹುಡುಗನಿಂದ ಕಸಿದ ಪತ್ತು. ಏಳನೆಯ ತಾರೀಕಿನೊಳಗೆ ಪಗಾರ, ಆಮೇಲೆ ಪೇಟೆಯ ಬಾಕಿ, ಆಮೇಲೆ ಪಾಲುಗಾರರ ಲಾಭ. ಈ ಕ್ರಮವನ್ನು ಪಾಲುಗಾರಿಕೆ ಪತ್ರದಲ್ಲೇ ಬರೆಸಿರಿ.

ಸ್ವಂತ ಹೊಟೇಲಿನ ವಿಚಾರವಿರುವವರು ಪತ್ರ, ಲೆಕ್ಕ, ನೋಂದಣಿಗಳ ಬಗ್ಗೆ ಸಂಘಕ್ಕೆ ಬಂದು ಕೇಳಿರಿ. ಹಣ ಕೊಡಲು ಸಂಘಕ್ಕೆ ಶಕ್ತಿಯಿಲ್ಲ. ಕಾಗದ ಓದಿ ಹೇಳಲು, ಸಂಗಡ ಬ್ಯಾಂಕಿಗೆ ಬರಲು ಜನರಿದ್ದಾರೆ.